ಇರಿಸಿದ ಗಂಟಿನ ಹೊಣೆ

ದಿಗಂಬರ ಮುನಿಗಳು ಕಮಂಡಲುವನ್ನು ನೆಲಕ್ಕಿರಿಸುವ ಮುನ್ನ ನವಿಲುಗರಿಯ ಪಿಂಛಿಯಿಂದ ಆ ಸ್ಥಳವನ್ನು ಮೃದುವಾಗಿ ಸವರುವುದನ್ನು ಶ್ರಾವಕರು ಕಂಡಿರುತ್ತಾರೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ನೋಡಿಕೊಳ್ಳುವ ಈ ಎಚ್ಚರಕ್ಕೆ ಆದಾನ-ನಿಕ್ಷೇಪಣ ಸಮಿತಿ ಎಂದು ಹೆಸರು. ಇದು ಮುನಿಧರ್ಮವೆಂದು ಗೃಹಸ್ಥರು ದೂರದಿಂದಲೇ ಕೈಮುಗಿದು ಬಿಡುವುದುಂಟು. ಆದರೆ ತತ್ತ್ವಾರ್ಥಸೂತ್ರವು ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಇದನ್ನೂ ಎಣಿಸಿದೆ. ಮುನಿಯ ಬಳಿ ಇರುವುದು ಪಿಂಛಿ, ಕಮಂಡಲು, ಶಾಸ್ತ್ರ ಮಾತ್ರ. ಗೃಹಸ್ಥನ ಬಳಿ ಇಡಬೇಕಾದ ವಸ್ತುಗಳು ಅದೆಷ್ಟೋ ಪಾಲು ಹೆಚ್ಚು. ಎಚ್ಚರವೂ ಅಷ್ಟೇ ಹೆಚ್ಚಬೇಕಲ್ಲವೆ?

ಈ ಸಮಿತಿಯ ಅರ್ಥ ಸ್ಪಷ್ಟವಾಗಿ ಕಾಣಸಿಗುವುದು ಜೈನ ಕ್ಷೇತ್ರವೇ ಅಲ್ಲದ ಒಂದು ದೂರದ ಕಾಡಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ನೆಲೆಸಿರುವ ಕನ್ನಡಿಗ ತರುಣರಿಗೂ ಅದು ಪರಿಚಿತ. ಹಾಫ್ ಡೋಮ್ ಎಂಬ ಬಂಡೆಬೆಟ್ಟವನ್ನು ಏರುವ ಅನೇಕರು ಕೆಳಗಿನ ಲಿಟಲ್ ಯೊಸೆಮಿಟಿ ಕಣಿವೆಯಲ್ಲಿ ಗುಡಾರ ಹಾಕಿ, ಮುಂಜಾವದಲ್ಲಿ ಗಂಟುಮೂಟೆಗಳನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾರೆ. ಹಿಂದಿರುಗುವವರೆಗೆ ಗುಡಾರಕ್ಕೆ ಕಾವಲಿಲ್ಲ. ಸುತ್ತಲಿನ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಅವುಗಳ ಘ್ರಾಣಶಕ್ತಿ ಅತಿ ತೀಕ್ಷ್ಣ. ಅನ್ನದ ವಾಸನೆಯಷ್ಟೇ ಅಲ್ಲ, ಸಾಬೂನು, ಹಲ್ಲುಜ್ಜುವ ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮುಗಳ ಪರಿಮಳವೂ ಅವನ್ನು ಕರೆತರುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದೇ ಉದ್ಯಾನದಲ್ಲಿ ಎಂಜಲನ್ನು ಸುರಿದು, ಕರಡಿಗಳು ಉಣ್ಣುವುದನ್ನು ಪ್ರವಾಸಿಗರಿಗೆ ತೋರಿಸುವ ಪದ್ಧತಿಯಿತ್ತು. ಮನುಷ್ಯನಿದ್ದಲ್ಲಿ ಆಹಾರವಿದೆಯೆಂಬ ಪಾಠವನ್ನು ಕರಡಿಗಳಿಗೆ ಕಲಿಸಿದವನು ಮನುಷ್ಯನೇ. ಬಳಿಕ ಆಹಾರದ ಚೀಲಗಳನ್ನು ಹಗ್ಗದಿಂದ ಮರದ ಕೊಂಬೆಗೆ ತೂಗುಹಾಕುವ ಉಪಾಯ ಬಂದಿತು. ಕರಡಿಗಳು ಹಗ್ಗ ಕಡಿಯಲು ಕಲಿತವು. ತಾಯಿ ಏರಲಾಗದ ಎಳೆಗೊಂಬೆಗೆ ಮರಿ ಏರಿತು. ಕಾರುಗಳ ಬಾಗಿಲನ್ನು ಬಗ್ಗಿಸಿ ಒಳಹೊಕ್ಕ ಕರಡಿಗಳೂ ಇದ್ದವು. 1998ರ ಒಂದೇ ವರ್ಷದಲ್ಲಿ ಇಂತಹ 1,500ಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿ ನಡೆದವು. ಈಗ ಅಲ್ಲಿನ ಕಾಡಿನೊಳಗೆ ರಾತ್ರಿ ತಂಗುವವರು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಆಹಾರವನ್ನೂ ಪರಿಮಳದ ವಸ್ತುಗಳನ್ನೂ ಇಡುವುದು ಕಡ್ಡಾಯ. ಡಬ್ಬಿಯನ್ನು ಗುಡಾರದೊಳಗೆ ಇಡಬಾರದು, ದೂರದಲ್ಲಿ ನೆಲದ ಮೇಲೆ ಇಡಬೇಕು. ಕರಡಿ ಉರುಳಿಸಿದರೂ ಪ್ರಪಾತಕ್ಕೋ ಹೊಳೆಗೋ ಬೀಳದಂತಹ ಜಾಗವನ್ನು ಆರಿಸಬೇಕು. ಎಚ್ಚರ ಹೆಚ್ಚಿದ ಮೇಲೆ ಪ್ರಕರಣಗಳು ಬಹುಪಾಲು ಇಳಿದವು.

ಒಂದು ಕಿಲೋಗ್ರಾಂಗೂ ಮಿಕ್ಕಿ ತೂಗುವ ಆ ಡಬ್ಬಿಯನ್ನು ಹೊರುವುದು ಸುಲಭವಲ್ಲ; ಗೊಣಗುವ ಚಾರಣಿಗರೂ ಇದ್ದಾರೆ. ತಮ್ಮ ತಿಂಡಿಯನ್ನು ಉಳಿಸಿಕೊಳ್ಳಲು ಇಷ್ಟು ಭಾರವೇಕೆ ಎಂಬುದು ಅವರ ಪ್ರಶ್ನೆ. ಆದರೆ ಡಬ್ಬಿ ಕಾಯುವುದು ತಿಂಡಿಯನ್ನಲ್ಲ, ಕರಡಿಯನ್ನು. ಒಮ್ಮೆ ಗುಡಾರದ ರುಚಿ ಕಂಡ ಕರಡಿ ಮತ್ತೆ ಬರುತ್ತದೆ, ಮರಿಗಳಿಗೂ ಅದನ್ನೇ ಕಲಿಸುತ್ತದೆ. ದೂರದ ಕಾಡಿಗೆ ಒಯ್ದು ಬಿಟ್ಟರೂ ಹಲವು ಸಲ ಹಿಂದಿರುಗುತ್ತದೆ. ಕ್ರಮೇಣ ಅದರ ಅಂಜಿಕೆ ಅಳಿದು ಜನರಿಗೆ ಅಪಾಯವೆನಿಸಿದಾಗ ಅಧಿಕಾರಿಗಳು ಅದನ್ನು ಕೊಲ್ಲಬೇಕಾಗುತ್ತದೆ. ಗುಂಡು ಹಾರಿಸುವವನು ಒಬ್ಬ. ಅದಕ್ಕೆ ಕಾರಣವಾದ ರೊಟ್ಟಿಯ ಚೀಲವನ್ನು ಮರೆತು ಹೋದವನು ಮತ್ತೊಬ್ಬ. ಅವನು ಆ ವೇಳೆಗೆ ಮನೆ ಸೇರಿ ಛಾಯಾಚಿತ್ರಗಳನ್ನು ನೋಡುತ್ತಿರುತ್ತಾನೆ. ಪಾಪದ ಪಾಲು ಅವನಿಗಿಲ್ಲವೆನ್ನಲು ಯಾವ ಶಾಸ್ತ್ರದ ಆಧಾರವಿದೆ?

ಕೆಲವು ಭಕ್ತರು ಇಲ್ಲಿ ಒಂದು ಆಕ್ಷೇಪವೆತ್ತುತ್ತಾರೆ. ಹಸಿದ ಪ್ರಾಣಿ ತಿಂದರೆ ತಿನ್ನಲಿ, ಅದೂ ದಾನವೇ ಅಲ್ಲವೆ ಎನ್ನುತ್ತಾರೆ. ಮಾತು ಕೇಳಲು ಕರುಣಾಮಯ. ಆದರೆ ದಾನಕ್ಕೆ ವಿಧಿ, ದ್ರವ್ಯ, ದಾತೃ, ಪಾತ್ರಗಳೆಂಬ ನಾಲ್ಕರ ವಿಚಾರವಿದೆ. ಕೊಡುವ ಸಂಕಲ್ಪವೇ ಇಲ್ಲದೆ ಮರೆವಿನಿಂದ ಕಳೆದುಕೊಂಡದ್ದು ದಾನವಾಗದು. ಪಡೆದವನ ಪ್ರಾಣಕ್ಕೇ ಎರವಾಗುವ ದ್ರವ್ಯ ದಾನಯೋಗ್ಯವೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದ ಹಿಂಸೆಯಾದ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಪ್ರಮಾದಚರ್ಯೆಯನ್ನು ಅವುಗಳಲ್ಲಿ ಒಂದಾಗಿ ಹೇಳಿದ್ದಾರೆ. ಕಾವಲಿಲ್ಲದೆ ಬಿಟ್ಟ ಚೀಲವನ್ನು ಆ ಪಟ್ಟಿಗೆ ಸೇರಿಸುವುದೇ ಸರಿ. ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು ಇನ್ನೂ ಖಚಿತ: ಜೀವಿ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆಯ ದೋಷ ನಿಶ್ಚಿತ. ಅಂದರೆ ಆ ರಾತ್ರಿ ಕರಡಿ ಬಾರದೆ ಇದ್ದರೂ ಚೀಲ ಬಿಟ್ಟವನು ನಿರ್ದೋಷಿಯಲ್ಲ. ಯತ್ನಾಚಾರದಿಂದ ಎಲ್ಲವನ್ನೂ ಭದ್ರವಾಗಿರಿಸಿ ಹೋದವನ ಮಾತು ಬೇರೆ.

ಕರಡಿಗಿಂತ ಚಿಕ್ಕ ಜೀವಿಗಳ ವಿಷಯ ಇನ್ನೂ ಸೂಕ್ಷ್ಮ. ಇಲಿ ಅಳಿಲುಗಳು ಒಂದು ಕಡಲೆಬೀಜದ ವಾಸನೆಗೂ ಚೀಲವನ್ನು ಕೊರೆಯುತ್ತವೆ. ಬೆವರಿನ ಉಪ್ಪಿಗಾಗಿ ಮಾರ್ಮಟ್ ಎಂಬ ಬೆಟ್ಟದ ಪ್ರಾಣಿ ಚೀಲದ ಪಟ್ಟಿಯನ್ನೂ ಊರುಗೋಲಿನ ಹಿಡಿಯನ್ನೂ ಕಡಿಯುತ್ತದೆ. ವಿಷವನ್ನೋ ಬೋನನ್ನೋ ನೆನೆಯುವ ಅಗತ್ಯವಿಲ್ಲ. ಅನುಭವಿ ಚಾರಣಿಗರು ಆಹಾರವನ್ನೆಲ್ಲ ಡಬ್ಬಿಗೆ ಸೇರಿಸಿ, ಬರಿದಾದ ಚೀಲದ ಜಿಪ್ಪುಗಳನ್ನೆಲ್ಲ ತೆರೆದೇ ಇಡುತ್ತಾರೆ. ಇಲಿ ಒಳಹೊಕ್ಕು, ಏನೂ ಕಾಣದೆ, ಬಟ್ಟೆ ಕಡಿಯದೆ ಹೊರಟುಹೋಗುತ್ತದೆ. ಬೀಗ ಹಾಕಿದ್ದಕ್ಕಿಂತ ಬರಿದು ಮಾಡಿ ತೆರೆದಿಟ್ಟದ್ದು ಸುರಕ್ಷಿತವಾಗಿ ಉಳಿಯುವುದನ್ನು ಕಂಡರೆ ಅಪರಿಗ್ರಹವನ್ನು ಬಲ್ಲವರಿಗೆ ನಗು ಬಂದೀತು. ಗುಡಾರದಿಂದ ದೂರದಲ್ಲಿ ಅಡುಗೆ ಮಾಡಿ, ಕತ್ತಲಾಗುವ ಮುನ್ನ ಉಂಡು, ಪಾತ್ರೆ ತೊಳೆದಿಡಬೇಕೆಂಬುದು ಕಾಡು ಬಲ್ಲವರ ಸಲಹೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಶ್ರಾವಕನಿಗೆ ಇದು ಹೊಸತೇನಲ್ಲ.

ಕರ್ನಾಟಕದಲ್ಲಿ ಕರಡಿಯ ಸ್ಥಾನದಲ್ಲಿ ಮಂಗವಿದೆ. ನಂದಿಬೆಟ್ಟದಲ್ಲಿಯೂ ಆಗುಂಬೆ ಘಾಟಿಯಲ್ಲಿಯೂ ಬಾಳೆಹಣ್ಣು, ಬಿಸ್ಕತ್ತುಗಳ ರೂಢಿಯಾದ ಮಂಗಗಳು ಪ್ರಯಾಣಿಕರ ಚೀಲಕ್ಕೆ ಕೈಹಾಕುತ್ತವೆ. ಅವನ್ನು ಬಯ್ಯುತ್ತ ಕೋಲೆತ್ತುವವರಲ್ಲಿ ಹಣ್ಣು ಎಸೆದವರೂ ಇರುತ್ತಾರೆ. ಪಾಠಶಾಲೆಗಳಲ್ಲಿ ಮಕ್ಕಳು ಐದು ಸಮಿತಿಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಮುಂದಿನ ಸಲ ಅವರನ್ನು ಬೆಟ್ಟದ ಕ್ಷೇತ್ರಕ್ಕೆ ಕರೆದೊಯ್ಯುವ ಗುರುಗಳು, ಬುತ್ತಿಯನ್ನು ಎಲ್ಲಿ ಹೇಗೆ ಇಡಬೇಕೆಂದು ಮೆಟ್ಟಿಲ ಬುಡದಲ್ಲಿಯೇ ಒಂದು ನಿಮಿಷ ತೋರಿಸಿಕೊಟ್ಟರೆ ಆ ನಾಲ್ಕನೆಯ ಹೆಸರಿನ ಅರ್ಥವೂ ಮಕ್ಕಳಿಗೆ ದಕ್ಕುತ್ತದೆ.