ಪರಸಿಕಲ್ಲಿನ ನಾಡಿನಿಂದ ಕಲ್ಲುಕಂಬದ ದ್ವೀಪಕ್ಕೆ



ನಮ್ಮ ಸೀಮೆಯವರಿಗೆ ನೀರೆಂದರೆ ಹೊಳೆ. ಚಿಂಚೋಳಿಯವರಿಗೆ ಮುಲ್ಲಾಮಾರಿ, ಸೇಡಂ ಚಿತ್ತಾಪುರದವರಿಗೆ ಕಾಗಿಣಾ, ವಾಡಿ ಶಹಾಬಾದಿನವರಿಗೆ ಭೀಮೆ. ಹೊನಗುಂಟಾದ ಬಳಿ ಕಾಗಿಣಾ ಭೀಮೆಯನ್ನು ಕೂಡಿಕೊಂಡು, ಭೀಮೆ ಕೃಷ್ಣೆಯನ್ನು ಕೂಡಿಕೊಂಡು, ನಮ್ಮ ನೀರೆಲ್ಲ ಮೂಡಣ ಕಡಲಿಗೆ ಹರಿದುಹೋಗುತ್ತದೆ. ಪಡುವಣ ಕಡಲಿಗೂ ನಮಗೂ ಲೆಕ್ಕವೇ ಇಲ್ಲ. ಮಠದಲ್ಲಿ ಓದುತ್ತಿದ್ದಾಗ ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂದು ಕಂಠಪಾಠ ಮಾಡಿದ್ದೆವು. ಕಣ್ಣಾರೆ ಕಂಡದ್ದು ಮಾತ್ರ ಅರವತ್ತು ದಾಟಿದ ಮೇಲೆ, ಕಳೆದ ಮಾಘಮಾಸದಲ್ಲಿ.

ಸೇಡಂನ ನಿವೃತ್ತ ಮಾಸ್ತರರೊಬ್ಬರು ನಮ್ಮ ಐದೂ ಊರುಗಳ ಪರಿಚಿತ ಮನೆಗಳಿಂದ ಹದಿಮೂರು ಜನರನ್ನು ಕೂಡಿಸಿ, ಉಡುಪಿಯ ಮಲ್ಪೆಗೆ ಹೋಗಿ ಅಲ್ಲಿಂದ ಕಡಲೊಳಗಿನ ಸೇಂಟ್ ಮೇರಿ ದ್ವೀಪವನ್ನು ನೋಡಿ ಬರುವುದೆಂದು ಗೊತ್ತುಮಾಡಿದರು. ದಾರಿಯಲ್ಲಿ ನಾಲ್ಕು ಒಳ್ಳೆಯ ಮಾತು ಹೇಳಲು ಒಬ್ಬರು ಬೇಕೆಂದು ನಮ್ಮನ್ನೂ ಕರೆದರು. ಆ ನಾಲ್ಕು ಮಾತಿನಲ್ಲಿ ಒಂದೂ ಉಪಯೋಗಕ್ಕೆ ಬಾರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಘಟ್ಟವಿಳಿದು ಉಡುಪಿ. ಪ್ರಯಾಣದ ಸಂಗತಿ ಇಷ್ಟೇ ಸಾಕು.

ಈ ದ್ವೀಪದ ವಿಷಯವನ್ನು ಮೊದಲು ಅರಿಕೆ ಮಾಡಬೇಕು. ಮಲ್ಪೆಯ ದಂಡೆಯಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿ, ಉತ್ತರ ದಕ್ಷಿಣವಾಗಿ ಚದುರಿದ ನಾಲ್ಕು ಮುಖ್ಯ ನಡುಗಡ್ಡೆಗಳಿವೆ. ಯಾರೂ ಅಲ್ಲಿ ನೆಲೆಸಿಲ್ಲ. ಬೆಳಿಗ್ಗೆ ಹೋದವರು ಸಂಜೆಯೊಳಗೆ ಮರಳಲೇಬೇಕು. ಜನ ನೋಡಲು ಹೋಗುವುದು ತೆಂಗಿನ ಮರಗಳಿರುವ ಒಂದು ದ್ವೀಪವನ್ನು. 1498ರಲ್ಲಿ ಪೋರ್ತುಗೀಸರ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಮಾತೆಯ ಹೆಸರಿಟ್ಟನೆಂದು ಹೇಳಿಕೆಯಿದೆ. ಮಲ್ಪೆಗೆ ಸಮೀಪದ ದರಿಯಾ ಬಹದ್ದೂರಗಡವೆಂಬ ದ್ವೀಪದಲ್ಲಿ ಬಿದನೂರಿನ ಬಸವಪ್ಪ ನಾಯಕರ ಕೋಟೆಯ ಅವಶೇಷಗಳಿವೆ. ಕೆಳದಿಯ ಅರಸರು ಶಿವಭಕ್ತರೆಂದು, ವಿದ್ಯಾಪೋಷಕರೆಂದು ನಾವು ಪುರಾಣ ಪ್ರವಚನಗಳಲ್ಲಿ ಹೊಗಳುತ್ತ ಬಂದಿದ್ದೇವೆ. ಅವರು ಕಡಲೊಳಗೂ ಕೋಟೆ ಕಟ್ಟಿಸಿದ ಸಂಗತಿ ನಮ್ಮ ನಾಲಗೆಗೆ ಒಮ್ಮೆಯೂ ಬಂದಿರಲಿಲ್ಲ. ಘಟ್ಟದ ಮೇಲಿನವರ ಅರಿವು ಘಟ್ಟದ ಅಂಚಿಗೇ ನಿಂತುಬಿಡುತ್ತದೆಯೇನೋ.

ಮಲ್ಪೆಯಿಂದ ದ್ವೀಪಕ್ಕೆ ದೊಡ್ಡ ದೋಣಿಗಳೂ ಇವೆ, ವೇಗದ ಸ್ಪೀಡ್ ಬೋಟುಗಳೂ ಇವೆ. ಮಳೆಗಾಲದ ತಿಂಗಳುಗಳಲ್ಲಿ ಎರಡೂ ನಿಂತಿರುತ್ತವೆ. ಅಕ್ಟೋಬರಿನಿಂದ ಮೇ ವರೆಗೆ ಹೋಗುವುದೇ ಕ್ರಮ. ಮಾಸ್ತರರು ಎರಡು ಸ್ಪೀಡ್ ಬೋಟು ಗೊತ್ತುಮಾಡಿ, ಜೊತೆಗೆ ಇದ್ದು ತೋರಿಸಲು ಒಬ್ಬ ಮಾರ್ಗದರ್ಶಿಯನ್ನೂ ಪಡೆದಿದ್ದರು. ಅವನು ಮೊಗವೀರರ ಮನೆಯ ಹುಡುಗ, ಇಪ್ಪತ್ತೈದರ ಒಳಗಿನವನು. ಅಜ್ಜನ ಕಾಲದಿಂದ ಕಡಲನ್ನೇ ನಂಬಿ ಬದುಕಿದ ಮನೆತನ.

ದೋಣಿಯ ಬಳಿಗೆ ಬಂದಾಗ ನಮ್ಮ ಜೊತೆಗಿದ್ದ ಶಹಾಬಾದಿನ ಮುತ್ಯಾ ಮರಳಿನ ಮೇಲೆ ಕುಳಿತುಬಿಟ್ಟರು. ಎಪ್ಪತ್ತು ದಾಟಿದ ಶರಣರು. ಐವತ್ತು ವರ್ಷ ಖಣಿಯಲ್ಲಿ ಪರಸಿ ಕಲ್ಲು ಸೀಳಿದವರು. ಭೂಗರ್ಭಶಾಸ್ತ್ರ ಓದುತ್ತಿರುವ ಮೊಮ್ಮಗಳ ಹಟಕ್ಕೆ ಬಂದಿದ್ದರು.

“ಶಾಸ್ತ್ರಿಗಳೇ, ನೀವೆಲ್ಲಾ ಹೋಗಿ ಬರ್ರಿ. ನಾ ಇಲ್ಲೇ ಕುಂಡರ್ತೀನಿ” ಎಂದರು.

ನಾವು ಧೈರ್ಯದ ಮಾತು ಹೇಳಿದೆವು. ಭವಸಾಗರ ದಾಟುವ ದೃಷ್ಟಾಂತವನ್ನೂ ಹೇಳಿದೆವು. ಅವರು ಕೈ ಮುಗಿದರೇ ಹೊರತು ಏಳಲಿಲ್ಲ. ಆ ಹುಡುಗ ಮಾತ್ರ ಅವರನ್ನು ಒತ್ತಾಯಿಸಲೇ ಇಲ್ಲ. ಹದಿಮೂರು ಲೈಫ್ ಜಾಕೆಟ್ಟುಗಳನ್ನು ತಂದು ಅವರ ಮುಂದೆ ಹಾಕಿ, “ಅಜ್ಜಾ, ನೀವು ಬರುವುದು ಬೇಡ. ಇವು ಸರಿ ಉಂಟಾ ಅಂತ ಒಮ್ಮೆ ನೋಡಿ ಕೊಡಿ ಮಾರಾಯ್ರೆ” ಎಂದ.

ಮುತ್ಯಾ ಒಂದೊಂದನ್ನೇ ಎತ್ತಿಕೊಂಡರು. ಖಣಿಯಲ್ಲಿ ಕಲ್ಲೆತ್ತುವ ಸರಪಳಿಯನ್ನು ಪರೀಕ್ಷಿಸುವವರ ಹಾಗೆ ಪ್ರತಿಯೊಂದರ ಪಟ್ಟಿಯನ್ನೂ ಎರಡೂ ಕೈಯಲ್ಲಿ ಜಗ್ಗಿದರು, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು, ಬಕಲನ್ನು ಹಾಕಿ ತೆಗೆದು ಹಾಕಿ ನೋಡಿದರು. ಒಂಬತ್ತನೆಯದರ ಬಕಲು ಕಚ್ಚಿಕೊಳ್ಳದೆ ಜಾರಿತು. “ಇದು ಬ್ಯಾಡ” ಎಂದು ಬದಿಗೆಸೆದರು. ಹುಡುಗ ಮುಖ ಸಣ್ಣದು ಮಾಡಿಕೊಳ್ಳದೆ ಬೇರೊಂದನ್ನು ತಂದ. ಆಮೇಲೆ ಮುತ್ಯಾ ನಮ್ಮ ಕಡೆ ತಿರುಗಿದರು. ಶಲ್ಯದ ಮಡಿಕೆ ಕೆಡಬಾರದೆಂದು ನಾವು ಜಾಕೆಟ್ಟನ್ನು ಸುಮ್ಮನೆ ಹೆಗಲಿಗೆ ತಗುಲಿಸಿಕೊಂಡು ನಿಂತಿದ್ದೆವು. “ಶಾಸ್ತ್ರಿಗಳೇ, ಶಲ್ಯಾ ಚೀಲದಾಗ ಇಡ್ರಿ” ಎಂದು ತಾವೇ ನಮ್ಮ ಮೂರೂ ಪಟ್ಟಿಗಳನ್ನು ಬಿಗಿದರು. ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ತಾವು ತೊಟ್ಟು, ಯಾರ ಮುಖವನ್ನೂ ನೋಡದೆ ಹೋಗಿ ದೋಣಿಯಲ್ಲಿ ಕುಳಿತರು.

ಸ್ಪೀಡ್ ಬೋಟಿನ ಪ್ರಯಾಣ ಕಾಲು ಗಂಟೆಯದು. ಉಳುಮೆಯಾದ ಹೊಲದ ಮೇಲೆ ಖಾಲಿ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕುಳಿತಂತಿರುತ್ತದೆ. ದೋಣಿಯ ಮೂತಿ ಅಲೆಯ ಮೇಲೆದ್ದು ಕುಕ್ಕುತ್ತದೆ. ಬೆನ್ನುನೋವಿನವರು, ವಯಸ್ಸಾದವರು, ಬಸುರಿ ಹೆಣ್ಣುಮಕ್ಕಳು ದೊಡ್ಡ ದೋಣಿಯಲ್ಲಿ ಹೋಗುವುದೇ ಲೇಸು. ಅನಿವಾರ್ಯವಾದರೆ ಹಿಂಬದಿಯಲ್ಲಿ ಕೂರಬೇಕು, ಅಲ್ಲಿ ಕುಕ್ಕು ಕಡಿಮೆ. ನಾವು ಹಿರಿಯರೆಂಬ ಗೌರವದಿಂದ ಮುಂಬದಿಯಲ್ಲಿ ಕುಳಿತೆವು. ಗೌರವದ ಫಲವನ್ನು ನಮ್ಮ ಸೊಂಟ ಒಂದು ವಾರ ಉಂಡಿತು.

ದ್ವೀಪದ ಮೇಲೆ ಕಾಲಿಟ್ಟೊಡನೆ ಎದುರಾಗುವುದು ಕಂಬಗಳು. ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು ಮೂಲೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ, ಅತ್ಯಂತ ಎತ್ತರದ್ದು ಇಪ್ಪತ್ತು ಅಡಿಯ ಆಸುಪಾಸು. ಯಾರೋ ಉಳಿಯಿಂದ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತಿವೆ. ಚಿತ್ತಾಪುರದ ತಾಯಿಯೊಬ್ಬರು ನೋಡಿದವರೇ, “ನಮ್ಮ ನಾಗಾವಿ ಅರವತ್ತು ಕಂಬದ ಗುಡಿ ಇದ್ದಂಗ ಅದಲ್ರೀ!” ಎಂದರು. 1058ರ ಶಾಸನದಲ್ಲಿ ಘಟಿಕಾಸ್ಥಾನವೆಂದು ಹೆಸರಾದ, ಗ್ರಂಥಭಂಡಾರ ಕಾಯಲೆಂದೇ ಸರಸ್ವತಿ ಭಂಡಾರಿಗರನ್ನು ನೇಮಿಸಿದ್ದ ನಾಗಾವಿಯೆಲ್ಲಿ, ಮನುಷ್ಯನ ಕೈ ಸೋಕದ ಈ ಕಂಬಗಳೆಲ್ಲಿ! ಆದರೂ ಆ ತಾಯಿಯ ಮಾತು ನಮಗೆ ಹಿಡಿಸಿತು. ಕಾಣದ್ದನ್ನು ಕಂಡದ್ದರಿಂದ ಅಳೆಯದೆ ಇನ್ನು ಯಾವುದರಿಂದ ಅಳೆಯಬೇಕು?

ಮೊಮ್ಮಗಳು ತಿಳಿಸಿದಳು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಇಂದು ಆಫ್ರಿಕದ ಬದಿಯಲ್ಲಿರುವ ಮಡಗಾಸ್ಕರ್ ದ್ವೀಪವು ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ಕರಗಿದ ಕಲ್ಲಿದು. ಮೇಲಿಂದ ಆರುತ್ತ ಬಂದಂತೆ ಕುಗ್ಗಿತು, ಕುಗ್ಗಿದ್ದು ಬಿರಿಯಿತು, ಬಿರುಕು ಕೆಳಗಿಳಿಯುತ್ತ ಹೋಗಿ ಕಂಬಗಳಾದವು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರಿದಾಗ ಹೆಂಟೆಗಳು ಮೂಲೆಮೂಲೆಯಾಗಿ ಒಡೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಚಿಂಚೋಳಿ ಕಡೆಯ ಕರಿಕಲ್ಲೂ ಇದರಂತೆ ಬೆಂಕಿಯಿಂದಲೇ ಬಂದದ್ದು, ಆದರೆ ಇದಕ್ಕಿಂತ ಎರಡು ಕೋಟಿ ವರ್ಷಕ್ಕೂ ಕಿರಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಅವುಗಳಲ್ಲೊಂದು.

ಮುತ್ಯಾ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಂಬವೊಂದರ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಆಲಿಸಿದರು. ಗೇಣು ಹಾಕಿ ಅಳೆದರು.

“ನಮ್ಮ ಕಲ್ಲು ಮಲಗ್ಯದ. ಇದು ನಿಂತದ” ಎಂದರು.

“ನಮ್ಮದು ನೀರಾಗ ಹುಟ್ಟಿದ್ದು, ಮುತ್ಯಾ. ಅದಕ್ಕ ಹಾಸಿಗಿ ಹಾಸಿದಂಗ ಮಲಗ್ಯದ. ಶಹಾಬಾದ, ವಾಡಿ, ಸೇಡಂ ಎಲ್ಲಾ ಒಂದು ಕಾಲಕ್ಕ ಸಮುದ್ರದ ತಳ. ಕೆಸರು, ಸುಣ್ಣ ಪದರು ಪದರು ಕುಂತು ಪರಸಿ ಆಗ್ಯದ.”

ಮುತ್ಯಾ ಬಹಳ ಹೊತ್ತು ಅಲೆಗಳನ್ನು ನೋಡುತ್ತಿದ್ದರು. “ಐವತ್ತು ವರ್ಷ ಅದರ ಮ್ಯಾಲೆ ಉಳಿ ಇಟ್ಟೀನಿ. ನೀರಾಗಿಂದು ಅಂತ ಯಾರೂ ಹೇಳಲಿಲ್ಲ” ಎಂದರು. ಆಮೇಲೆ ನಮ್ಮೊಬ್ಬರಿಗೇ ಕೇಳುವಷ್ಟು ಮೆಲ್ಲಗೆ, “ಅದಕ್ಕೇ ಏನೋ, ಕಲ್ಲು ತಗದಲ್ಲಿ ಮತ್ತ ನೀರೇ ಬಂತು” ಎಂದರು.

ನಮ್ಮ ಸೀಮೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಮುಗಿದು ಬಿಟ್ಟುಹೋದ ಖಣಿಯಲ್ಲಿ ಮಳೆನೀರು ನಿಂತು ಹೊಂಡವಾಗುತ್ತದೆ. ಅಂಚು ಗೋಡೆಯಂತೆ ನೇರ; ಕೆರೆಯಂತೆ ಇಳಿಜಾರು ಇರುವುದಿಲ್ಲ, ಒಂದು ಹೆಜ್ಜೆ ತಪ್ಪಿದರೆ ಕಾಲಿಗೆ ನೆಲ ಸಿಕ್ಕದು. ಇಪ್ಪತ್ತು ವರ್ಷಗಳಿಗೂ ಹಿಂದಿನ ಒಂದು ಶ್ರಾವಣದಲ್ಲಿ ಮುತ್ಯಾನ ಕಿರಿಯ ಮಗ, ಹದಿನಾರರ ಹುಡುಗ, ಗೆಳೆಯರೊಡನೆ ಈಜಲು ಹೋಗಿ ಅಂಥದೊಂದು ಹೊಂಡದಿಂದ ಮರಳಲಿಲ್ಲ. ಆ ಖಣಿಯ ಕಲ್ಲನ್ನು ಸೀಳಿದವರಲ್ಲಿ ಮುತ್ಯಾ ಸಹ ಒಬ್ಬರು. ಇದನ್ನು ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದಿದ್ದಾರೆ. ದಂಡೆಯಲ್ಲಿ ನಾವು ಭವಸಾಗರದ ದೃಷ್ಟಾಂತ ಹೇಳಿದ್ದು ಎಂಥವರ ಮುಂದೆ ಎಂಬುದು ಆಗ ತಿಳಿದು, ನಮಗೆ ತಲೆಯೆತ್ತಲಾಗಲಿಲ್ಲ.

ಅಷ್ಟರಲ್ಲಿ ಸೀಟಿ ಕೇಳಿಸಿತು. ವಾಡಿಯಿಂದ ಬಂದ ಹುಡುಗನೊಬ್ಬ ಫೋಟೋ ತೆಗೆಸಿಕೊಳ್ಳಲೆಂದು ಹಗ್ಗ ದಾಟಿ, ಅಲೆ ಬಡಿಯುವ ಕಂಬಗಳ ಮೇಲೆ ಹೋಗಿ ನಿಂತಿದ್ದ. ಕಾವಲಿನವರ ಸೀಟಿಗೆ ಅವನು ನಕ್ಕು ಕೈಬೀಸಿದ. ಮುತ್ಯಾ ಎದ್ದು ನಿಂತು ಒಂದೇ ಸಲ ಕೂಗಿದರು. ಖಣಿಯಲ್ಲಿ ಸಿಡಿಮದ್ದಿಗೆ ಮುಂಚೆ ಕೂಗುವ ಕೂಗು ಅದು. ಮಾತೇನೆಂದು ನಮಗೂ ತಿಳಿಯಲಿಲ್ಲ. ಹುಡುಗ ಹೆದರಿ ಹಿಂದಕ್ಕೆ ಬಂದ. ಅವನು ನಿಂತಿದ್ದಲ್ಲಿಗೆ ಸ್ವಲ್ಪ ಹೊತ್ತಿನಲ್ಲೇ ದೊಡ್ಡ ಅಲೆಯೊಂದು ಬಂದಿತೆಂದು ಬರೆದರೆ ಕತೆ ಚೆಂದವಾದೀತು, ಹಾಗೇನೂ ಆಗಲಿಲ್ಲ. ಆದರೆ 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದ ನೀರಿನಲ್ಲಿ ಪ್ರಾಣ ಕಳೆದುಕೊಂಡರು.

ಮಾರ್ಗದರ್ಶಿ ಹುಡುಗ ಬೈಯಲಿಲ್ಲ. ಎಲ್ಲರನ್ನೂ ಕರೆದು ತೋರಿಸಿದ. “ಕಲ್ಲು ಒದ್ದೆಯಾಗಿ ಕಪ್ಪಗೆ ಕಾಣುತ್ತದಲ್ಲ, ಅಲ್ಲಿಯವರೆಗೆ ಅಲೆ ಬಂದು ಹೋಗಿದೆ ಅಂತ ಲೆಕ್ಕ. ಅಲ್ಲಿ ಪಾಚಿ ಇರ್ತದೆ, ಕಾಲು ನಿಲ್ಲುವುದಿಲ್ಲ. ಈಗ ಅಲೆ ಇಲ್ಲ ಅಂತ ಹೋಗಬಾರದು.” ಮುತ್ಯಾ ಬಾಗಿ ಆ ಕಪ್ಪು ಗೆರೆಯನ್ನು ನೋಡಿ ತಲೆದೂಗಿದರು. ಅವನನ್ನು ಇನ್ನೇನೇನೋ ಕೇಳಿದರು: ಗಾಳಿ ಯಾವಾಗ ತಿರುಗುತ್ತದೆ, ನೀರು ಎಷ್ಟು ಹೊತ್ತಿಗೆ ಏರುತ್ತದೆ, ದೋಣಿ ಮಗುಚಿದರೆ ಏನು ಮಾಡಬೇಕು. ಕಲ್ಲು ಬಲ್ಲ ಎಪ್ಪತ್ತರ ಹಿರಿಯರು ನೀರು ಬಲ್ಲ ಇಪ್ಪತ್ತರ ಕಿರಿಯನೆದುರು ಕೈಕಟ್ಟಿ ನಿಂತು ಕೇಳುತ್ತಿದ್ದರು. ಕಾಯಕದ ಬಗ್ಗೆ ನಾವು ಮಾಡಿದ ಎಷ್ಟೋ ಉಪನ್ಯಾಸಗಳು ನೆನಪಾದವು.

ಹೋಗುವವರಿಗೆ ಒಂದು ಮಾತು. ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯಬಾರದು, ಕಲ್ಲು ಒಡೆದು ತರಬಾರದು. ಬಿಸಿಲು ಬಹಳ, ಹತ್ತು ಗಂಟೆಯೊಳಗೆ ಹೋಗಿ ಬರುವುದು ಒಳ್ಳೆಯದು. ಜಾಕೆಟ್ಟಿನ ಬಕಲನ್ನು ನೀವೇ ಜಗ್ಗಿ ನೋಡಬೇಕು. ದೋಣಿಯವರು ಬೇಸರಪಟ್ಟರೆ ಪಡಲಿ.

ಶಿವರಾತ್ರಿ ಕಳೆದು ಎರಡು ವಾರಕ್ಕೆ ನಾವು ಪ್ರವಚನದ ನಿಮಿತ್ತ ಶಹಾಬಾದಿಗೆ ಹೋಗಿದ್ದೆವು. ಮುತ್ಯಾ ಮನೆಯಲ್ಲಿರಲಿಲ್ಲ, ಹಳೆಯ ಖಣಿಯ ಬಳಿ ಇದ್ದಾರೆಂದರು. ಹೋಗಿ ನೋಡಿದರೆ, ಅಲ್ಲಿ ಬಿದ್ದಿದ್ದ ಒಡಕು ಪರಸಿ ಚಪ್ಪಡಿಗಳನ್ನು ಹೊಲಕ್ಕೆ ಬೇಲಿ ಹಾಕುವಂತೆ ಹೊಂಡದ ಸುತ್ತ ನೆಟ್ಟಗೆ ನಿಲ್ಲಿಸುತ್ತಿದ್ದರು. ಮೊಮ್ಮಗಳೂ ನೆರೆಮನೆಯ ಇಬ್ಬರು ಹುಡುಗರೂ ಕೈಗೂಡಿಸಿದ್ದರು. ಮೂರು ಬದಿ ಮುಗಿದಿತ್ತು. ಬಡಗಣ ಬದಿಯಲ್ಲಿ ಮಣ್ಣೇ ಇಲ್ಲ, ಹಾರೆ ಇಳಿಯುವುದಿಲ್ಲವಂತೆ. ಮಳೆ ಹಿಡಿಯುವುದರೊಳಗೆ ಅದಕ್ಕೊಂದು ಉಪಾಯ ಮಾಡಬೇಕೆಂದು ಹೇಳುತ್ತ, ನಮ್ಮ ಕೈಗೆ ಅಳತೆಯ ಹಗ್ಗದ ಒಂದು ತುದಿ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಆ ಕಡೆಗೆ ನಡೆದರು.