ಸೆಕೆಂಡ್ ಹ್ಯಾಂಡ್ ಕಾರು: ಆರ್‌ಸಿ ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು?

2025ರ ನವೆಂಬರ್ 10ರಂದು ದೆಹಲಿಯ ಕೆಂಪು ಕೋಟೆ ಬಳಿ ಸ್ಫೋಟಗೊಂಡ ಕಾರು ಹರಿಯಾಣ ನೋಂದಣಿಯದ್ದು. ಅದು ಆ ವೇಳೆಗಾಗಲೇ ಹಲವು ಕೈ ಬದಲಾಗಿತ್ತು. ಹೀಗಾಗಿ ತನಿಖಾಧಿಕಾರಿಗಳು ಕಾರನ್ನು ಎಂದೋ ಮಾರಿದ್ದವರನ್ನೂ ವಿಚಾರಣೆಗೆ ಕರೆಯಬೇಕಾಯಿತು. ಹಳೆಯ ಕಾರನ್ನು ಯಾರು ಯಾರಿಗೆ ಮಾರಿದರು ಎಂಬ ಲೆಕ್ಕ ನಮ್ಮಲ್ಲಿ ಎಷ್ಟು ಸಡಿಲವಾಗಿದೆ ಎಂಬುದು ಆಗ ಇಡೀ ದೇಶದ ಗಮನಕ್ಕೆ ಬಂತು.

ಭಯೋತ್ಪಾದನೆಯಂಥ ಪ್ರಕರಣ ಅಪರೂಪ. ಆದರೆ ಇದೇ ಸಡಿಲಿಕೆ ಸಾಮಾನ್ಯ ಖರೀದಿದಾರರ ಜೇಬಿಗೂ ಕತ್ತರಿ ಹಾಕುತ್ತದೆ. ಹಳೆಯ ಕಾರಿನ ಚರಿತ್ರೆಯಲ್ಲಿ ಎರಡು ಭಾಗಗಳಿವೆ. ಒಂದು ಕಾಗದದ ಚರಿತ್ರೆ. ಇದು ಮೊಬೈಲ್‌ನಲ್ಲೇ ಬಹುತೇಕ ಸಿಗುತ್ತದೆ. ಇನ್ನೊಂದು ಗಾಡಿಯ ಚರಿತ್ರೆ, ಅಂದರೆ ಓಡಿದ ದೂರ, ಆದ ಅಪಘಾತ, ನುಗ್ಗಿದ ನೀರು. ಇದನ್ನು ಬರೆದಿಡುವ ಹೊಣೆ ನಮ್ಮಲ್ಲಿ ಯಾರಿಗೂ ಇಲ್ಲ. ಮೊದಲನೆಯದನ್ನು ನೋಡಿ ಎರಡನೆಯದೂ ಸರಿಯಿದೆ ಎಂದು ನಂಬುವಲ್ಲೇ ಹೆಚ್ಚಿನವರು ಮೋಸ ಹೋಗುತ್ತಾರೆ.

ಆನ್‌ಲೈನ್‌ನಲ್ಲಿ ಸಿಗುವುದೇನು?

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯಾದ ದಿನ, ಇಂಧನ, ವಿಮೆಯ ಅವಧಿ, ಸಾಲದ ವಿವರ ತಿಳಿಯುತ್ತದೆ. ಮಾಲೀಕರ ಹೆಸರು ಮಾತ್ರ ಪೂರ್ತಿ ಕಾಣುವುದಿಲ್ಲ. ಹಾಗಾಗಿ ಮಾರುವವರ ಡಿಜಿಲಾಕರ್‌ನಲ್ಲಿರುವ ಆರ್‌ಸಿಯನ್ನು ಅವರ ಎದುರಲ್ಲೇ ತೆರೆಸಿ ನೋಡುವುದು ಲೇಸು. ಅದರಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರ್ ಗಾಡಿಯ ಮೇಲೆ ಕೊರೆದಿರುವ ನಂಬರ್‌ಗೆ ತಾಳೆಯಾಗಲೇಬೇಕು.

ಕಾರು ಕಳವಿನದೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ‘ವಾಹನ್ ಸಮನ್ವಯ’ ಸೇವೆಯಿದೆ. ದಂಡದ ಬಾಕಿಗೆ ಇ-ಚಲನ್ ಜಾಲತಾಣವಿದೆ. ಆದರೆ ಮಹಾರಾಷ್ಟ್ರ, ತೆಲಂಗಾಣದ ಪೊಲೀಸರು ತಮ್ಮದೇ ಪ್ರತ್ಯೇಕ ಜಾಲತಾಣ ನಡೆಸುತ್ತಾರೆ. ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ಕಾರು ಕೊಳ್ಳುವವರು ಅಲ್ಲಿಯೂ ಒಮ್ಮೆ ನೋಡಬೇಕು.

ಸಾಲದ ವಿಷಯದಲ್ಲಿ ಬಾಯಿಮಾತು ಸಾಲದು. ಇಎಂಐ ಪೂರ್ತಿ ಕಟ್ಟಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಸಲ್ಲಿಸಿ ಆರ್‌ಸಿಯಲ್ಲಿರುವ ಹೈಪೊಥಿಕೇಶನ್ ತೆಗೆಸದಿದ್ದರೆ ದಾಖಲೆಯಲ್ಲಿ ಸಾಲ ಹಾಗೆಯೇ ಇರುತ್ತದೆ. ಅದು ಇರುವವರೆಗೆ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಮಾಲೀಕತ್ವ ವರ್ಗವಾಗದು.

15 ವರ್ಷ ಯಾರೂ ನೋಡದ ಮೀಟರ್

ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ‘ಎಂಒಟಿ’ ಪರೀಕ್ಷೆ ಕಡ್ಡಾಯ. ಪರೀಕ್ಷೆಯ ದಿನ ಮೀಟರ್ ಎಷ್ಟಿತ್ತು ಎಂಬುದೂ ದಾಖಲಾಗುತ್ತದೆ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಸಾಕು, ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ಹೋದ ವರ್ಷಕ್ಕಿಂತ ಈ ವರ್ಷ ಓಟ ಕಡಿಮೆ ತೋರಿಸಿದರೆ ಕಳ್ಳತನ ಅಲ್ಲೇ ಬಯಲಾಗುತ್ತದೆ.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಫಿಟ್‌ನೆಸ್ ಪರೀಕ್ಷೆಗೆ ಹೋಗಬೇಕಿಲ್ಲ. ಅಂದರೆ ಆ 15 ವರ್ಷ ಮೀಟರ್ ಎಷ್ಟು ಓಡಿದೆ ಎಂದು ಬರೆದುಕೊಳ್ಳುವ ಸರ್ಕಾರಿ ವ್ಯವಸ್ಥೆಯೇ ಇಲ್ಲ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರಿನ ಡಿಜಿಟಲ್ ಮೀಟರನ್ನು ಅರುವತ್ತು ಸಾವಿರಕ್ಕೆ ಇಳಿಸಿದರೆ ಅದನ್ನು ಸುಳ್ಳೆಂದು ತೋರಿಸಲು ಉಳಿಯುವುದು ಕಂಪನಿ ಸರ್ವಿಸ್ ಸೆಂಟರ್‌ನ ದಾಖಲೆ ಮಾತ್ರ. ಅದನ್ನು ಮಾಲೀಕರ ಮೂಲಕವೇ ಕೇಳಿ ತರಿಸಬೇಕು. ‘ಹೊರಗಡೆ ಸರ್ವಿಸ್ ಮಾಡಿಸಿದ್ದು, ದಾಖಲೆ ಇಲ್ಲ’ ಎಂಬ ಉತ್ತರ ಬಂದರೆ ಮೀಟರ್ ತೋರಿಸುವ ಅಂಕಿಗೆ ಬೆಲೆ ಕಟ್ಟಬೇಡಿ. ಸ್ಟೀರಿಂಗ್, ಪೆಡಲ್, ಚಾಲಕರ ಸೀಟು ಎಷ್ಟು ಸವೆದಿವೆ ನೋಡಿ.

ಹಣ ಕೊಟ್ಟರೆ ಕಾರಿನ ‘ಹಿಸ್ಟರಿ ರಿಪೋರ್ಟ್’ ಕೊಡುವ ಆ್ಯಪ್‌ಗಳು ಈಗ ಹಲವು. ಆದರೆ ಮೂಲದಲ್ಲಿ ಬರೆದಿಡದ ಮಾಹಿತಿಯನ್ನು ಯಾವ ಆ್ಯಪ್ ಕೂಡ ಹುಟ್ಟಿಸಲಾರದು. ವರದಿಯಲ್ಲಿ ‘ಅಪಘಾತ ಇಲ್ಲ’ ಎಂದಿದ್ದರೆ ಅದರರ್ಥ ದಾಖಲೆಯಾದ ಅಪಘಾತ ಇಲ್ಲ ಎಂದಷ್ಟೆ.

ವಿಮೆಯಲ್ಲಿ ಸಿಗುವ ಸುಳಿವು

2015ರಲ್ಲಿ ಚೆನ್ನೈ, 2020ರಲ್ಲಿ ಹೈದರಾಬಾದ್, 2022ರಲ್ಲಿ ಬೆಂಗಳೂರು, 2023ರಲ್ಲಿ ಮತ್ತೆ ಚೆನ್ನೈ. ಪ್ರವಾಹ ಬಂದಾಗಲೆಲ್ಲ ಸಾಲು ಸಾಲು ಕಾರುಗಳು ಮುಳುಗಿದ್ದನ್ನು ಕಂಡಿದ್ದೇವೆ. ರಿಪೇರಿ ವೆಚ್ಚ ವಿಮಾ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ಕಾರನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತದೆ. ಅಂಥ ಗಾಡಿಗಳು ಹರಾಜಾಗುತ್ತವೆ. ಎಲ್ಲವೂ ಗುಜರಿಗೇ ಹೋಗುವುದಿಲ್ಲ. ಆರ್‌ಸಿ ರದ್ದಾಗದಿದ್ದರೆ ಕೆಲವು ತೊಳೆದು, ಬಣ್ಣ ಬಳಿದುಕೊಂಡು ಬೇರೆ ಊರಿನ ಮಾರುಕಟ್ಟೆ ಸೇರುತ್ತವೆ.

ಇದನ್ನು ಪತ್ತೆ ಹಚ್ಚಲು ಮಾರುವವರ ಹಿಂದಿನ ವಿಮಾ ಪಾಲಿಸಿಗಳನ್ನು ಕೇಳಿ. ಕ್ಲೇಮ್ ಮಾಡದವರಿಗೆ ‘ನೋ ಕ್ಲೇಮ್ ಬೋನಸ್’ ಮೊದಲ ವರ್ಷ ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುತ್ತದೆ. ಐದಾರು ವರ್ಷ ಒಬ್ಬರೇ ಓಡಿಸಿದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆಯಿದ್ದರೆ ಕಾರಣ ಕೇಳಲೇಬೇಕು. ಒಂದೋ ಕ್ಲೇಮ್ ಆಗಿದೆ, ಇಲ್ಲವೇ ವಿಮೆ ಕಟ್ಟುವುದು ತಪ್ಪಿದೆ. ಜೊತೆಗೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ಕಾರ್ಪೆಟ್ ಮತ್ತು ಸ್ಟೆಪ್ನಿ ಎತ್ತಿ ಕೆಸರಿನ ಗುರುತು ಇದೆಯೇ ನೋಡಿ. ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ಕೊಡುವ ಒಂದೆರಡು ಸಾವಿರ ದಂಡವೇನಲ್ಲ.

ಅಗ್ಗದ ದೆಹಲಿ ಕಾರು

ದೆಹಲಿ ಕಾರುಗಳು ಅಗ್ಗವಾಗಲು ಕಾರಣವಿದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧವಿದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು.

ಇಂಥ ಕಾರನ್ನು ಕರ್ನಾಟಕಕ್ಕೆ ತರುವವರು ಬೆಲೆಯೊಂದನ್ನೇ ನೋಡಬಾರದು. ದೆಹಲಿ ಆರ್‌ಟಿಒ ಎನ್‌ಒಸಿ ಬೇಕು, ಕರ್ನಾಟಕದಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಪುಣೆ, ಹೈದರಾಬಾದ್‌ನಲ್ಲಿ ಕೊಂಡು ಊರಿಗೆ ಒಯ್ಯುವವರಿಗೂ ಇದೇ ನಿಯಮ.

ಆರ್‌ಸಿ ಹೆಸರು ಬದಲಾದರೇ ವ್ಯವಹಾರ ಮುಗಿದಂತೆ

ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಬೇರೆ ರಾಜ್ಯಕ್ಕಾದರೆ 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನಗಳ ಗಡುವು. ಇದಕ್ಕೆ ಫಾರ್ಮ್ 29 ಮತ್ತು 30 ಸಲ್ಲಿಸಬೇಕು. ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿದ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಕೊಂಡವರಿಗೂ ಅಪಾಯ ತಪ್ಪಿದ್ದಲ್ಲ: ವಿಮೆ ನಿಮ್ಮ ಹೆಸರಿಗೆ ಬರದಿದ್ದರೆ ಸ್ವಂತ ಕಾರಿನ ಹಾನಿಗೆ ಹಣ ಸಿಗುವುದು ಕಷ್ಟ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ನೋಂದಾಯಿತ ಡೀಲರ್‌ಗೆ ಕಾರು ಒಪ್ಪಿಸಿದ ಮಾಹಿತಿ ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ಹೋಗಬೇಕು. ಅಲ್ಲಿಂದ ಮುಂದೆ ಹೊಣೆ ಡೀಲರ್‌ನದು. ಆದರೆ ಸಹಿ ಹಾಕಿದ ಖಾಲಿ ಫಾರ್ಮ್‌ಗಳನ್ನಿಟ್ಟುಕೊಂಡು ವ್ಯವಹರಿಸುವ ಬ್ರೋಕರ್‌ಗಳು ಈ ಚೌಕಟ್ಟಿನ ಹೊರಗಿದ್ದಾರೆ.

ವಿಮಾ ಕಂಪನಿಗಳ ಪೂರ್ಣ ನಷ್ಟದ ಪಟ್ಟಿ ಮತ್ತು ಸರ್ವಿಸ್ ಸೆಂಟರ್‌ಗಳ ಮೀಟರ್ ದಾಖಲೆ ಚಾಸಿಸ್ ನಂಬರ್ ಆಧಾರದಲ್ಲಿ ಪರಿವಾಹನ್‌ಗೆ ಸೇರಿದರೆ ಈ ತಲೆನೋವು ಬಹುಪಾಲು ಕಡಿಮೆಯಾದೀತು. ಅಲ್ಲಿಯವರೆಗೆ ಪರೀಕ್ಷೆಯ ಹೊಣೆ ಕೊಳ್ಳುವವರದೇ. ಚಾಸಿಸ್ ನಂಬರ್, ಸಾಲ, ಚಲನ್, ಸರ್ವಿಸ್ ದಾಖಲೆ, ಹಳೆಯ ಪಾಲಿಸಿ ಈ ಐದನ್ನೂ ನೋಡುವ ಮೊದಲು ಟೋಕನ್ ಅಡ್ವಾನ್ಸ್ ಕೊಡಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ಸ್ವಲ್ಪ ಹಣ ಬಾಕಿ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿ, ಬರವಣಿಗೆಯಲ್ಲಿ ಇರಿಸಿ.