ಕಡಲ ನಡುವಣ ಇಳಿದಾಣ

ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ದೂರದ ಕಡಲಿನಲ್ಲಿ ದೇಶಕ್ಕಾಗಿ ಎಣ್ಣೆ ತೆಗೆಯುವವರು ಕೆಲಸಕ್ಕೆ ಹೋಗುವುದು ಹೆಲಿಕಾಪ್ಟರಿನಲ್ಲಿ. 2018ನೆಯ ಜನವರಿ 13ರಂದು ಹೀಗೆ ಹೊರಟ ಏಳು ಮಂದಿಯೂ ಅಳಿದರು. 2022ನೆಯ ಜೂನ್ 28ರಂದು ಸಾಗರ್ ಕಿರಣ್ ಎಂಬ ರಿಗ್ಗಿನ ಸಮೀಪದಲ್ಲಿ ಒಂಬತ್ತು ಮಂದಿಯಿದ್ದ ಹೆಲಿಕಾಪ್ಟರು ಕಡಲಿಗಿಳಿದು ನಾಲ್ವರು ಮಡಿದರು. ಸಂತಾಪ ಸೂಚಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯಿತೇ?

ರಿಗ್ಗಿನ ಮೇಲಣ ಇಳಿದಾಣವು ನೆಲದ ಮೇಲಣ ವಿಮಾನ ನಿಲ್ದಾಣದಂತಲ್ಲ. ಕ್ರೇನು, ಗೋಪುರಗಳಿಗೆ ಬಡಿದು ಸುಳಿಗೊಂಡ ಗಾಳಿ ಒಂದು ಕಡೆ. ಉರಿಯುವ ಅನಿಲದ ಝಳ ಇನ್ನೊಂದು ಕಡೆ. ಬಿಸಿಗಾಳಿಯಲ್ಲಿ ಎಂಜಿನಿನ ಶಕ್ತಿಯೂ ರೆಕ್ಕೆಗಳು ಎತ್ತುವ ಬಲವೂ ಕುಗ್ಗುವುವು. ಇಳಿಯುವ ಕೊನೆಯ ಗಳಿಗೆಯಲ್ಲಿ ಎರಡು ಎಂಜಿನುಗಳಲ್ಲೊಂದು ನಿಂತರೆ ಉಳಿದೊಂದೇ ಭಾರವನ್ನೆಲ್ಲ ಹೊರಬೇಕು. ಹೊರಲಾರದಿದ್ದರೆ ಕೆಳಗಿರುವುದು ಕಡಲು. ಆದುದರಿಂದ ಆಯಾ ದಿನದ ಗಾಳಿಯನ್ನೂ ಬಿಸಿಯನ್ನೂ ಅಳೆದು ಹೊರೆಯನ್ನು ಗೊತ್ತುಮಾಡುವುದು ಬರಿಯ ಕಾಗದದ ಶಾಸ್ತ್ರವಲ್ಲ.

ಹೊರೆ ತಗ್ಗಿದರೆ ಪ್ರಯಾಣಗಳು ಹೆಚ್ಚಿ ವೆಚ್ಚವು ಏರುವುದೆಂದು ಲೆಕ್ಕ ಹೇಳುವವರುಂಟು. ಅದು ನಿಜವೇ. ಆದರೆ ಬ್ರಿಟನ್ನಿನಲ್ಲಿ 2013ರ ಆಗಸ್ಟಿನಲ್ಲಿ ಶೆಟ್ಲೆಂಡಿನ ಬಳಿ ನಾಲ್ವರು ಮಡಿದ ತರುವಾಯ, ಅಲ್ಲಿಯ ಅಧಿಕಾರಿಗಳು 2014ರಲ್ಲಿ ಕಡಲು ಅತಿಯಾಗಿ ಉಕ್ಕಿದಾಗ ಹಾರಾಟವನ್ನೇ ನಿಷೇಧಿಸಿದರು. ನೀರಿನಲ್ಲಿ ಉಸಿರಾಡುವ ತಕ್ಕ ಸಾಧನವಿಲ್ಲದ ಪ್ರಯಾಣಿಕರನ್ನು ತುರ್ತು ಕಿಟಕಿಯ ಪಕ್ಕದಲ್ಲಿಯೇ ಕೂರಿಸತಕ್ಕದ್ದೆಂದು ವಿಧಿಸಿದರು. ವೆಚ್ಚವು ಅಲ್ಲಿಯೂ ಇದ್ದಿತು.

ನಮ್ಮ ಸರಕಾರದವರಲ್ಲಿ ನಾವು ಕೇಳುವುದು ಎರಡೇ: ಪ್ರತಿಯೊಂದು ಇಳಿದಾಣದ ಗಾಳಿ, ಬಿಸಿಗಳ ಅಳತೆಯು ಹಾರುವ ಮುನ್ನವೇ ಚಾಲಕನ ಕೈಯಲ್ಲಿರಲಿ, ಇಳಿಯಲಾಗದೆಂದು ಹಿಂದಿರುಗಿದ ಚಾಲಕನ ಮೇಲೆ ಯಾರೂ ಹುಬ್ಬು ಗಂಟಿಕ್ಕದಿರಲಿ. ಒಂದು ದಿನದ ಕೆಲಸ ನಿಂತರೆ ಮರುದಿನ ನಡೆದೀತು. ಹೋದ ಜೀವವು ಮರಳದು.